ಮಗಳು ಬರೆದ ಐದು

ಕ್ಯಾಲಿಫೋರ್ನಿಯಾದ ಮಕ್ಕಳ ಆರೋಗ್ಯ ಯೋಜನೆಯ ಮಾನ್ಯ ಮುಖ್ಯಾಧಿಕಾರಿಗಳೇ,

ನನ್ನ ಮಗಳ ಮನಸ್ಸಿನಲ್ಲಿ ಐದು ಗಾಯಗಳಿವೆ ಎಂದು ನಿಮ್ಮ ಇಲಾಖೆ ಕಂಡುಹಿಡಿದಿದೆ. ಅಭಿನಂದನೆಗಳು. ಅವುಗಳಲ್ಲಿ ಮೂರು ಯಾವುವೆಂದು ನನಗೆ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಗೊತ್ತಾಗದಿರಲಿ ಎಂದೇ ನಿಮ್ಮ ಕಾಗದವನ್ನು ಅಚ್ಚು ಹಾಕಿಸಿದ್ದೀರಿ. ಈ ಪತ್ರವನ್ನು ನಾನು ಹೇಳುತ್ತಿದ್ದೇನೆ, ಪಕ್ಕದ ಮನೆಯ ಹೆರ್ಮೆಲಿಂದಾ ಬರೆಯುತ್ತಿದ್ದಾಳೆ. ಸಭ್ಯ ಪದಗಳೆಲ್ಲ ಅವಳವು.

ಕಳೆದ ತಿಂಗಳು ಹತ್ತು ವರ್ಷದ ಯಾದಿರಾಳನ್ನು ತಪಾಸಣೆಗೆಂದು ಸರ್ಕಾರಿ ದವಾಖಾನೆಗೆ ಕರೆದೊಯ್ದೆ. ಬಾಲ್ಯದಲ್ಲಿ ಬಿದ್ದ ಪೆಟ್ಟು ಮುಂದೆ ಮೈಯನ್ನೇ ಕೆಡಿಸುತ್ತದೆ, ಆದ್ದರಿಂದ ಪ್ರತಿ ಮಗುವಿನ ಬಗ್ಗೆಯೂ ವಿಚಾರಿಸಲೇಬೇಕು ಎಂಬುದು ನಿಮ್ಮ ಆಜ್ಞೆಯಂತೆ. ಒಳ್ಳೆಯದೇ. ಆದರೆ ಯಾರ ಬಾಯಿಂದ ವಿಚಾರಿಸುವುದು? ಪ್ರಶ್ನೆಗಳ ಕಾಗದ ಸ್ಪ್ಯಾನಿಷ್‌ನಲ್ಲಿತ್ತು. ಮೆಕ್ಸಿಕೊದ ಒಹಾಕಾ ಬೆಟ್ಟದಿಂದ ಬಂದ ನನಗೆ ಮಿಸ್ತೆಕೊ ಬಿಟ್ಟರೆ ಬೇರೆ ಭಾಷೆ ಬಾರದು. ದುಭಾಷಿ ಇಲ್ಲವೇ ಎಂದು ಮಗಳಿಂದ ಕೇಳಿಸಿದರೆ, ನರ್ಸ್ ಕಾಗದವನ್ನು ಅವಳ ಕೈಗೇ ಕೊಟ್ಟರು.

"ನಾನೇ ಓದಿ ಹೇಳ್ಬೇಕಂತೆ ಅವ್ವಾ," ಎಂದಳು ಮಗಳು. "ಯಾವ್ದು ನಡೆದಿದೆ ಅಂತ ಹೇಳ್ಬಾರ್ದಂತೆ. ಎಷ್ಟು ಅಂತ ಬರೆದ್ರೆ ಸಾಕಂತೆ."

ಮನೆಯಲ್ಲಿ ಯಾರಾದರೂ ಹೊಡೆಯುತ್ತಾರೆಯೇ, ಮುಟ್ಟಬಾರದಂತೆ ಮುಟ್ಟಿದ್ದಾರೆಯೇ ಎಂದು ಹತ್ತು ವರ್ಷದ ಹುಡುಗಿ ತನ್ನ ವಿಷಯವನ್ನು ತಾನೇ ತಾಯಿಗೆ ಓದಿ ಹೇಳಿದಳು. ನಿಮ್ಮ ಮಗಳಿಂದ ಇದನ್ನು ಓದಿಸುತ್ತಿದ್ದಿರೇ? ನಾನು ಎರಡು ಬೆರಳು ತೋರಿಸಿದೆ. ಅವಳಪ್ಪನನ್ನು ಗಡೀಪಾರು ಮಾಡಿದ್ದು ಒಂದು, ಆಮೇಲೆ ಚಳಿಗಾಲವಿಡೀ ನಾವು ಕಾರಿನಲ್ಲಿ ಮಲಗಿದ್ದು ಇನ್ನೊಂದು. ನನಗೆ ಅಕ್ಷರ ಬಾರದು, ಅಂಕೆ ಬರುತ್ತದೆ. ಹೊಲದಲ್ಲಿ ದಿನವೆಲ್ಲ ಸ್ಟ್ರಾಬೆರಿ ಪೆಟ್ಟಿಗೆ ಎಣಿಸುವವಳು ನಾನು. ಮಗಳು ಬರೆದದ್ದು ಐದು.

ಬಸ್ ನಿಲ್ದಾಣದಲ್ಲಿ ಕೇಳಿದೆ. "ನಾನು ಎರಡು ತೋರಿಸಿದ್ನಲ್ಲೇ, ಐದ್ಯಾಕೆ ಬರೆದೆ?"

"ನಿಂಗೆ ಗೊತ್ತಿರೋದು ಎರಡು."

"ಮಿಕ್ಕಿದ್ದು ಯಾವ್ದೇ?"

"ಯಾವ್ದು ಅಂತ ಹೇಳ್ಬಾರ್ದು ಅಂತ ನರ್ಸೇ ಹೇಳಿದ್ರಲ್ಲ ಅವ್ವಾ."

ಅಂದಿನಿಂದ ಅವಳು ಆ ಮಾತು ಬಿಟ್ಟು ಕದಲಿಲ್ಲ. ಗದರಿದೆ, ಗೋಗರೆದೆ, ಅವಳಿಗಿಷ್ಟವೆಂದು ಜೋಳದ ಹಿಟ್ಟಿನ ತಮಾಲೆ ಕಡುಬು ಮಾಡಿಕೊಟ್ಟೆ. ತಿಂದು ಎದ್ದುಹೋದಳು. ನಮ್ಮದು ಪರದೆ ಕಟ್ಟಿ ಎರಡು ಸಂಸಾರ ಬಾಳುವ ಮನೆ. ಪರದೆಯಾಚೆಯ ಗಂಡಸರು ನಕ್ಕರೆ ಈಗ ನಾನು ಮಗಳ ಮುಖ ನೋಡುತ್ತೇನೆ. ಅವಳಪ್ಪ ನನ್ನನ್ನು ಹೊಡೆಯುವಾಗ ಕೇಳಿಸದಿರಲೆಂದು ರೇಡಿಯೊ ಜೋರು ಮಾಡುತ್ತಿದ್ದೆ. ಅದು ಅವಳಿಗೆ ಕೇಳಿಸಿತ್ತೇ? ಹೊಲದಿಂದ ದಣಿದು ಬಂದ ದಿನಗಳಲ್ಲಿ ನಾನೂ ಅವಳ ಮೇಲೆ ಕೈ ಮಾಡಿದ್ದೇನೆ. ಮೂರರಲ್ಲಿ ಒಂದು ನಾನೇ ಇರಬಹುದು. ಇದನ್ನು ಬರೆಯುವಾಗ ಹೆರ್ಮೆಲಿಂದಾ ತಲೆಯೆತ್ತಿ ನೋಡಿದಳು, ಬರಿ ಎಂದೆ.

ನಿಮ್ಮ ಕಡೆಯಿಂದ ಸಿಕ್ಕ ಚಿಕಿತ್ಸೆ ಒಂದು ಬಣ್ಣದ ಚೀಟಿ. ಚೆನ್ನಾಗಿ ನಿದ್ದೆ ಮಾಡಿ, ದೀರ್ಘವಾಗಿ ಉಸಿರಾಡಿ, ಪ್ರಕೃತಿಯ ಮಡಿಲಲ್ಲಿ ಕಾಲ ಕಳೆಯಿರಿ. ಸ್ವಾಮಿ, ಆ ಮಡಿಲಲ್ಲಿ ನಾನು ದಿನಕ್ಕೆ ಹತ್ತು ತಾಸು ಬೆನ್ನು ಬಗ್ಗಿಸಿಯೇ ಇರುತ್ತೇನೆ. ಮನೋವೈದ್ಯರ ಭೇಟಿ ಏಳು ತಿಂಗಳ ನಂತರ. ಅಂದು ದುಭಾಷಿ ಇರುತ್ತಾರೆಯೇ ಎಂದು ವಿಚಾರಿಸಿದರೆ, "ಮಗಳು ಹೇಗೂ ಜೊತೇಲಿ ಬರ್ತಾಳಲ್ಲ" ಎಂಬ ಉತ್ತರ ಬಂತು.

ನಾನು ಕೇಳುವುದು ಇಷ್ಟೇ. ನಮ್ಮ ಭಾಷೆ ಬಲ್ಲ ದೊಡ್ಡವರೊಬ್ಬರನ್ನು ಈ ವಾರವೇ ಕಳಿಸಿ. ನಾನು ಹೊರಗೆ ಕಾಯುತ್ತೇನೆ. ಅವರು ನನ್ನ ಮಗಳ ಎದುರು ಕೂತು, ಹೇಳಬಹುದು ಕಂದಾ ಎಂದು ಮೊದಲು ಹೇಳಲಿ. ಹೇಳಬಾರದೆಂದು ಅವಳಿಗೆ ಕಲಿಸಿದವರು ನೀವು. ನನ್ನ ಹೆಸರು ಬಂದರೂ ಸರಿ, ಅವಳು ಹೇಳಲಿ.

ಇಂತಿ,
ಎರಡೇ ಎಂದುಕೊಂಡಿದ್ದ ತಾಯಿ,
ಎಫ್ರೊಸಿನಾ
ಆಕ್ಸ್‌ನಾರ್ಡ್, ಕ್ಯಾಲಿಫೋರ್ನಿಯಾ