ಗುಡುಗಿದಾಗ ಕಿತ್ತ ಪ್ಲಗ್

ಗಂಗಾವತಿ

ಫಕೀರಮ್ಮನವರಿಗೆ, ನಿಮ್ಮ ಮೇಲಿನ ಕೋಣೆಯ ಬಾಡಿಗೆದಾರ ಉಮಾಪತಿಯ ನಮಸ್ಕಾರಗಳು.

ನೀವು ಫೋನ್ ಎತ್ತುತ್ತಿಲ್ಲ. ಅದಕ್ಕೇ ಕಾರಟಗಿಗೆ, ನಿಮ್ಮ ಮಗಳ ಮನೆಗೆ ಬರೆಯುತ್ತಿದ್ದೇನೆ. ಮಗಳು ಶೋಭಾರಾಣಿಯವರೇ ಓದಿ ಹೇಳಲಿ.

ನನ್ನ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡನ್ನು ಇಂಟರ್ನೆಟ್ಟಿನಲ್ಲಿ ಬಾಡಿಗೆಗೆ ಬಿಟ್ಟಿದ್ದೇನೆ, ಎಲ್ಲೋ ದೂರದವರು ಅದರಿಂದ ಕೆಲಸ ಮಾಡಿಸಿಕೊಳ್ಳುತ್ತಾರೆ ಎಂದಾಗ ನೀವು ನಕ್ಕಿದ್ದಿರಿ. "ನನ್ನ ಮನಿಗೆ ನೀ ಬಾಡಿಗಿ, ನಿನ್ನ ಡಬ್ಬಿಗೆ ಅವರು ಬಾಡಿಗಿ. ಛಲೋ ಆತು ಬಿಡು" ಎಂದಿದ್ದಿರಿ. ಆ ಕಂಪ್ಯೂಟರನ್ನು ಎಂದೂ ಆರಿಸಬಾರದು ಎಂದು ನಿಮಗೆ ನಾನು ಹೇಳಿಯೇ ಇರಲಿಲ್ಲ.

ಅವತ್ತು ನಾನಿಲ್ಲದಾಗ ಗುಡುಗಿತು. ನಿಮ್ಮ ಟಿ.ವಿ., ಫ್ರಿಜ್ಜಿನ ಪ್ಲಗ್ ಕಿತ್ತ ಹಾಗೆಯೇ, ಮೊಣಕಾಲು ನೋವಿನಲ್ಲೂ ಮೇಲೆ ಹತ್ತಿ, ನಿಮ್ಮ ಹತ್ತಿರವಿದ್ದ ಕೀಲಿಯಿಂದ ಬಾಗಿಲು ತೆರೆದು ನನ್ನದನ್ನೂ ಕಿತ್ತಿರಿ. ಯಾರದೋ ಕೆಲಸ ನಡುವೆಯೇ ನಿಂತು ಹಾಳಾಯಿತು. ನಾನು ಓಣಿಯವರೆಲ್ಲ ಕೇಳುವಂತೆ, "ನನ್ನ ಸಾಮಾನು ಮುಟ್ಟಾಕ ನೀವ್ಯಾರ್ರಿ?" ಎಂದು ಕೂಗಾಡಿದೆ.

"ಸುಟ್ಟು ಹೋದೀತಂತ ಕಿತ್ತೀನೋ ತಮ್ಮಾ" ಎಂದಷ್ಟೇ ಹೇಳಿ ಮರುದಿನ ಮಗಳ ಮನೆಗೆ ಹೊರಟುಬಿಟ್ಟಿರಿ.

ಹೋದ ವಾರ ಹತ್ತಿರದಲ್ಲೇ ಸಿಡಿಲು ಬಡಿಯಿತು. ನಾನು ಕೆಲಸಕ್ಕೆ ಹೋಗಿದ್ದೆ. ಕಾರ್ಡು ಸುಟ್ಟುಹೋಯಿತು. ರಿಪೇರಿಯವನು ಕೈಚೆಲ್ಲಿದ.

ನಿಮ್ಮ ತುಳಸಿಗೆ ನೀರು ಹಾಕುತ್ತಿದ್ದೇನೆ. ನಿನ್ನೆ ಮತ್ತೆ ಗುಡುಗಿತು. ಪಕ್ಕದ ಮನೆಯ ಲಲಿತಕ್ಕನಿಂದ ನಿಮ್ಮ ಮನೆಯ ಕೀಲಿ ಕೇಳಿ ತಂದು, ಅವಸರದಲ್ಲಿ ನೀವು ಹಾಗೇ ಬಿಟ್ಟುಹೋಗಿದ್ದ ಟಿ.ವಿ., ಫ್ರಿಜ್ಜಿನ ಪ್ಲಗ್ ಕಿತ್ತಿಟ್ಟಿದ್ದೇನೆ.

ನಿಮ್ಮನ್ನು ಕೇಳದೆ ಮುಟ್ಟಿದ್ದೇನೆ. ಬೈಯಲಿಕ್ಕಾದರೂ ಬನ್ನಿ.

ಇಂತಿ,
ಮೇಲಿನ ಕೋಣೆಯ ಉಮಾಪತಿ