ಕೊರಳಿನ ಬಣ್ಣ

ಸರಗುರೊ
ನವೆಂಬರ್ ೯

ಪ್ರಿಯ ಒಲ್ಮೆದೊ,

ಇಷ್ಟು ಕಾಲದ ಮೌನದ ಮೇಲೆ ನನ್ನ ಅಕ್ಷರ ಕಂಡು ಗಾಬರಿಯಾಗಬೇಡ. ಆರೋಗ್ಯವಾಗಿದ್ದೇನೆ. ಹಕ್ಕಿಯ ವಿಷಯ.

ಕಾಲಿಗೆ ಬಿಳಿ ಹತ್ತಿಯುಂಡೆ ಕಟ್ಟಿಕೊಂಡಂತಿರುವ ನಮ್ಮ ಝೇಂಕಾರದ ಹಕ್ಕಿಗಳಲ್ಲಿ ಪಶ್ಚಿಮದ ಬೆಟ್ಟಸಾಲಿನದಕ್ಕೆ ನೇರಳೆ ಕೊರಳು, ಪೂರ್ವದ್ದಕ್ಕೆ ಹಸಿರು. ನಡುವೆ ಒಣ ಕಣಿವೆ. ಆ ಬಿಸಿಲು ದಾಟಿ ಇವು ಕೂಡಲಾರವು, ಆದ್ದರಿಂದ ಬೇರೆ ಬೇರೆ ಜಾತಿ ಎಂದು ನೀನು ಬರೆದೆ. ಪೂರ್ವದ್ದಕ್ಕೆ ನನ್ನ ಹೆಸರಿಟ್ಟೆ. ಮದುವೆಯ ಉಂಗುರಕ್ಕಿಂತ ಅದನ್ನೇ ನಾನು ಹೆಚ್ಚು ಜನಕ್ಕೆ ತೋರಿಸಿದ್ದು. ಆಮೇಲೆ ಅದು ನಿಜಕ್ಕೂ ಬೇರೆ ಜಾತಿ ಹೌದೇ ಎಂದು ನಾನು ಕೇಳತೊಡಗಿದ್ದು, ನೀನು ಊಟದ ತಟ್ಟೆ ಬಿಟ್ಟು ಎದ್ದು ಹೋದದ್ದು ಹೇಳಬೇಕಾಗಿಲ್ಲ.

ಕಣಿವೆ ಮೇಲೇರುತ್ತ ಕಿರಿದಾಗಿ, ಎರಡೂ ಸಾಲು ಕೂಡುವಲ್ಲಿ ಒಂದು ತುಂಡು ಮಂಜಿನ ಕಾಡಿದೆ. ನಕ್ಷೆಯಲ್ಲಿ ನಾವದನ್ನು ಹುಲ್ಲುಗಾವಲೆಂದು ಬಿಟ್ಟಿದ್ದೆವು. ಕಳೆದ ವಾರ ಅಲ್ಲಿ ಬಲೆ ಕಟ್ಟಿದೆ. ಮೊದಲು ಸಿಕ್ಕ ಗಂಡಿನ ಕೊರಳು ನೇರಳೆ. ಅಂಚಿನಲ್ಲಿ ಮಾತ್ರ ಹಸಿರು ಮಿನುಗಿತು. ಬೆಳಕಿನ ಮೋಸವೆಂದುಕೊಂಡೆ. ಮುಂದಿನದರಲ್ಲಿ ಹಸಿರೇ ಹೆಚ್ಚು, ನಡುವೆ ನೇರಳೆಯ ಬೊಟ್ಟು. ಪೂರ್ವಕ್ಕೆ ನಡೆದಷ್ಟೂ ಹಸಿರು ಏರುತ್ತದೆ. ಇಲ್ಲಿಂದ ಬೇರೆ ಎಂದು ಗೆರೆ ಎಳೆಯಲು ಎಲ್ಲಿಯೂ ಬರುವುದಿಲ್ಲ.

ನಾನಿಲ್ಲಿ ಉಳಿದಿರುವ ಮನೆಯ ಒಡತಿ ದೋನ್ಯಾ ಸೊಯ್ಲಾ ನಿನ್ನ ಬಗ್ಗೆ ವಿಚಾರಿಸಿದರು. ನೀನೂ ಹಕ್ಕಿ ಹಿಡಿಯುವವನೇ, ಜಗಳವಾಡಿ ಬೇರೆ ಇದ್ದೇವೆ ಎಂದೆ.

“ಇಬ್ರಿಗೂ ಒಂದೇ ಹುಚ್ಚು. ಮತ್ತೆ ಜಗಳ ಯಾತಕ್ಕೆ ಬಂತು ತಾಯಿ?”

ಹಕ್ಕಿಯ ಕೊರಳಿನ ಬಣ್ಣಕ್ಕೆ ಎಂದೆ. ಅವರು ಮೆಕ್ಕೆಜೋಳ ಬಿಡಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು.

“ನನ್ ಗಂಡ ಕುಡ್ದು ಬರ್ತಿದ್ದ. ನಮ್ ಜಗಳಕ್ಕಾದ್ರೂ ಒಂದ್ ಅರ್ಥ ಇತ್ತು.”

ಬಹಳ ದಿನದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಒಂದೇ ಜಾತಿಯಾದರೆ ಪಶ್ಚಿಮದ್ದರ ಹಳೆಯ ಹೆಸರು ಉಳಿದು, ನೀನಿಟ್ಟ ನನ್ನ ಹೆಸರು ಹೋಗಬೇಕು. ನಿಯಮವೇ ಹಾಗೆ. ಗೆದ್ದೆನೆಂದು ಬರೆಯುತ್ತಿಲ್ಲ. ಹಕ್ಕಿ ಅಂಗೈಯಿಂದ ಹಾರಿದಾಗ ಮೊದಲು ಅನಿಸಿದ್ದು, ನೀನು ಇದನ್ನು ನೋಡಲಿಲ್ಲವಲ್ಲ ಎಂದು. ಇನ್ನು ಅವುಗಳ ಕೂಗು ಉಳಿದಿದೆ. ನಿನ್ನಷ್ಟು ಚುರುಕು ಕಿವಿ ನನಗಿಲ್ಲ. ಇಲ್ಲಿ ನಿಂತು ಕೇಳಿ, ಕೂಗು ಎರಡು ಬಗೆಯದು ಎಂದು ನೀನು ಹೇಳಿದರೆ ನನ್ನ ವಾದ ಬೀಳಬಹುದು. ಬೀಳಲಿ. ಅಲ್ಲಿಯವರೆಗೆ ಇದನ್ನು ಯಾವ ಪತ್ರಿಕೆಗೂ ಕಳಿಸುವುದಿಲ್ಲ.

ಇಂತು,
ಎರ್ಲಿಂಡಾ

ಮರೆತಿದ್ದೆ: ನೀನು ಬರುತ್ತೀಯೆಂದು, ಭಾನುವಾರ ಮೆಕ್ಕೆಜೋಳದ ಕಡುಬು ಹುಮಿತಾ ಇಬ್ಬರಿಗೆ ಬೇಯಿಸಿ ಎಂದು ಸೊಯ್ಲಾ ಅವರಿಗೆ ಹೇಳಿಬಿಟ್ಟಿದ್ದೇನೆ. ಇನ್ನೊಂದು ಕೋಣೆ ಗುಡಿಸಿಡಲೇ ಎಂದು ಕೇಳಿದರು. ಬೇಡ, ಒಂದೇ ಸಾಕು ಎಂದೆ.