ಫೋಟೋ ಮುಗಿದ ಮೇಲೆ

ಕಂಪಾಲಾ
ನವೆಂಬರ್ ೧೪

ಪ್ರೀತಿಯ ನಲ್ವೆಯಿಸೊ ಅಕ್ಕನಿಗೆ,

ಮಸಾಕಾದಲ್ಲಿ ನೀನೂ ಭಾವನೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದಗಳಿಗೆ ಉತ್ತರವನ್ನೇ ಬರೆಯದ ನನ್ನನ್ನು ಬೈದುಕೊಂಡಿರುತ್ತೀಯ. ಇನ್ನೂ ಬೈಯಿ, ಆದರೆ ಮೊದಲು ಇದನ್ನು ಓದು. ನೀನು ಕಳಿಸಿದ ಬಾಳೆಗೊನೆ ತಲುಪಿತು. ಬೇಯಿಸಿದೆ, ಸೇರಲಿಲ್ಲ.

ಬ್ಯಾಟರಿ ಬೈಕಿನ ಕಂಪನಿಯಲ್ಲಿ ನಾನು ಬಾಡಿಗೆಗೆ ಜನರನ್ನು ಕೂರಿಸಿಕೊಂಡು ಬೋಡಾ ಬೈಕು ಓಡಿಸುವ ಹೆಂಗಸರಿಗೆ ತರಬೇತಿ ಕೊಡುತ್ತಿದ್ದೆನಲ್ಲ? ಪೆಟ್ರೋಲ್ ಹೊಗೆ ಕುಡಿದು ಕೆಮ್ಮುತ್ತಿದ್ದವರನ್ನು ಹುಡುಕಿ ಹುಡುಕಿ ಕರೆತಂದಿದ್ದೆ. ಅವರಲ್ಲಿ ಬಿರುಂಗಿ ಎಂಬಾಕೆ ಮೊದಲ ಸಲ ನಕಾಸೆರೊ ದಿಬ್ಬ ಏರಿದಾಗ, "ಮೇಡಂ, ಇದು ಏದುಸಿರೇ ಬಿಡಲ್ವಲ್ಲ! ಹಿಂದೆ ಕೂತೋರ ಮಾತೂ ಕೇಳುತ್ತೆ!" ಎಂದು ಕೂಗಿದ್ದಳು. ಬೈಕು ನಿನ್ನದೇ ಆಗುತ್ತದೆ ಎಂದು ಕಂಪನಿಯ ಪರವಾಗಿ ಅವಳಿಗೆ ಹೇಳಿದ್ದು ನಾನೇ. ನಂಬಿ ತನ್ನ ಹಳೆಯ ಬೈಕನ್ನು ಮಾರಿಬಿಟ್ಟಳು.

ಶನಿವಾರ ಉದ್ಘಾಟನೆ. ಮಂತ್ರಿಗಳು, ಹಣ ಕೊಟ್ಟ ಪರದೇಶದವರು, ತಟ್ಟೆ ತುಂಬ ಸಮೋಸ. ಶುದ್ಧ ಗಾಳಿಯ ಭಾಷಣಕ್ಕೆ ಬಂದವರ ಕಾರುಗಳು ಎ.ಸಿ. ಆರಬಾರದೆಂದು ಹೊಗೆಯುಗುಳುತ್ತಲೇ ನಿಂತಿದ್ದವು. ಹೆಂಗಸರಿಗೆ ಗುಲಾಬಿ ಹೆಲ್ಮೆಟ್ ತೊಡಿಸಿ ಮೈದಾನದಲ್ಲಿ ಒಂದು ಸುತ್ತು ಹೊಡೆಸಿ ಫೋಟೋ ತೆಗೆದರು. ಮಂತ್ರಿಗಳು ಹೊರಟದ್ದೇ ತಡ, ಲಾರಿ ಬಂತು. ಬೈಕುಗಳನ್ನೆಲ್ಲ ಬೇರೆ ಊರಿನ ಪ್ರದರ್ಶನಕ್ಕೆಂದು ಹೇರತೊಡಗಿದರು. ಬಿರುಂಗಿ ಮಾತ್ರ ತನ್ನ ಬೈಕಿನಿಂದ ಇಳಿಯಲಿಲ್ಲ.

"ಇಳಿಯಮ್ಮ, ಫೋಟೋ ಮುಗೀತು," ಎಂದ ನಮ್ಮ ದೊಡ್ಡ ಸಾಹೇಬ ಸೆಕಿತ್ತೊ.

"ನಿಮ್ಮ ಫೋಟೋ ಮುಗೀತು ಸಾರ್. ನನ್ನ ಮಕ್ಕಳ ಹಸಿವು ಮುಗೀತಾ?"

ಕಾವಲಿನವರು ಅವಳನ್ನು ಇದ್ದಿಲ ಮೂಟೆಯಂತೆ ಎತ್ತಿ ನೆಲಕ್ಕೆ ಹಾಕಿದರು. ಹೆಲ್ಮೆಟ್ಟನ್ನೂ ಕಿತ್ತುಕೊಂಡರು, ಅಕ್ಕ. ಹೆಲ್ಮೆಟ್ಟನ್ನೂ! ಸುತ್ತ ನಿಂತವರು ಅಗಿಯುವುದನ್ನು ನಿಲ್ಲಿಸಲಿಲ್ಲ.

ನಾನು ಕಿರುಚಾಡಿದೆ. ಸೆಕಿತ್ತೊ ಸಮೋಸದ ಎಣ್ಣೆಗೈಯನ್ನು ನನ್ನ ಭುಜದ ಮೇಲಿಟ್ಟು, "ನಸ್ಸೊಲೊ, ನೀನು ಓದಿದವಳು. ಇಂಥೋರು ನಾಳೆ ಮರೀತಾರೆ. ಮುಂದಿನ ಸಲಕ್ಕೆ ಬೇರೆ ಹೆಂಗಸರನ್ನ ಹುಡುಕು, ಇವರ ಮುಖ ಹಳೇದಾಯ್ತು," ಎಂದ. ಕಂಪನಿಯ ಜಾಕೆಟ್ ಬಿಚ್ಚಿ ಅವನ ತಟ್ಟೆಯ ಮೇಲೆ ಎಸೆದು ಬಂದುಬಿಟ್ಟೆ.

ಸೋಮವಾರ ವಂಡೆಗೆಯಾದ ಬೋಡಾ ನಿಲ್ದಾಣಕ್ಕೆ ಹೋದೆ. ಬಿರುಂಗಿ ಯಾರದೋ ಪೆಟ್ರೋಲ್ ಬೈಕನ್ನು ಬಾಡಿಗೆಗೆ ಹಿಡಿದು ಗಿರಾಕಿ ಕಾಯುತ್ತಿದ್ದಳು. ನನ್ನ ಮುಖಕ್ಕೆ ಉಗಿಯುತ್ತಾಳೆ ಎಂದುಕೊಂಡಿದ್ದೆ. "ನಿಮಗೂ ಟೋಪಿ ಹಾಕಿದ್ರಾ ಮೇಡಂ? ಹತ್ತಿ," ಎಂದಳು. ಆ ಹೊಗೆಯಲ್ಲೇ ಕಂಪನಿಯ ಗೇಟಿಗೆ ಹೋದೆವು. ಉಳಿದ ಹೆಂಗಸರೂ ಬಂದರು. ಈಗ ದಿನಾ ಬೆಳಿಗ್ಗೆ ಅಲ್ಲಿ ಕೂರುತ್ತೇವೆ. ಬೈಕುಗಳು ಬಂದಿಲ್ಲ. ಸಾಹೇಬರ ಕಾರು ಮಾತ್ರ ಹಿಂದಿನ ಬಾಗಿಲು ಹಿಡಿದಿದೆ.

ಆ ಬೈಕಿನ ಮೇಲೆ ನನಗೆ ಸಿಟ್ಟಿಲ್ಲ. ಅದು ಒಳ್ಳೆಯ ಗಾಡಿ, ಈ ಊರಿಗೆ ಬೇಕಾದ ಗಾಡಿ. ಅದನ್ನು ತೋರಿಸಿ ಹೊಟ್ಟೆ ಹೊರೆಯುವವರನ್ನು ಕಂಡರೆ ಅಸಹ್ಯ.

ನಿನ್ನ ಒಲೆ ಆರದಿರಲಿ, ಮಕ್ಕಳು ಗಟ್ಟಿಮುಟ್ಟಾಗಿರಲಿ.

ನಿನ್ನ ತಂಗಿ
ನಸ್ಸೊಲೊ

ತಾ.ಕ.: ನನ್ನ ಗಂಡ ಹೇಗಿದ್ದಾರೆ ಎಂದು ನೀನು ಕೇಳಿದ್ದೆ. ಚೆನ್ನಾಗಿದ್ದಾರೆ. ನಾನು ಬಿಟ್ಟ ಕೆಲಸವನ್ನು ಸೆಕಿತ್ತೊ ನನ್ನ ಗಂಡನಿಗೇ ಕೊಟ್ಟ, ಇವರು ಒಪ್ಪಿಕೊಂಡರು. "ಮನೆಯ ಕೆಲಸ ಮನೇಲೇ ಉಳೀತಲ್ಲ," ಎಂದು ನಗುತ್ತಾರೆ. ಇವತ್ತು ನಮ್ಮನ್ನು ದಾಟಿಕೊಂಡೇ ಗೇಟಿನೊಳಗೆ ಹೋದರು. ಪಾಪ, ಬಿರುಂಗಿ ನಮ್ಮ ಮೇಡಂ ಗಂಡನೆಂದು ಎದ್ದು ನಿಂತು ದಾರಿ ಬಿಟ್ಟಳು.